ಹೈಟಿಯ ಗುಲಾಮರು ಗೆದ್ದರು, ದೇಶ ಯಾಕೆ ಬಡವಾಯಿತು?

ಓದುಗರ ಪ್ರಶ್ನೆ: "ಗುಲಾಮರೇ ಬಂಡೆದ್ದು, ಯಜಮಾನರನ್ನು ಓಡಿಸಿ, ತಮ್ಮದೇ ದೇಶ ಕಟ್ಟಿದ್ದು ಹೈಟಿಯಲ್ಲಿ ಮಾತ್ರ ಎಂದು ಓದಿದ್ದೆ. ಒಂದು ಕಾಲಕ್ಕೆ ಕಾಫಿಯಲ್ಲಿ ಜಗತ್ತಿಗೇ ಮುಂದಿದ್ದ ಜಾಗವಂತೆ ಅದು. ಹಾಗಾದರೆ ಇವತ್ತು ಅಷ್ಟು ಬಡತನ ಯಾಕೆ? ಕ್ರಾಂತಿ ಮಾಡಿದ್ದರಿಂದಲೇ ಹಾಳಾಯಿತಾ?" (ಮೂಡಿಗೆರೆ ಕಡೆಯಿಂದ)

ಈ ಪ್ರಶ್ನೆ ತುಂಬ ಜನ ಕೇಳುತ್ತಾರೆ. ಚುಟುಕಾಗಿ ಹೇಳುವುದಾದರೆ, ಕ್ರಾಂತಿಯಿಂದ ಹಾಳಾದದ್ದು ಕಬ್ಬಿನ ತೋಟಗಳು. ದೇಶ ಬಡವಾದದ್ದು ಆಮೇಲೆ. ಗೆದ್ದ ಜನಕ್ಕೆ ಬೇಕಾದದ್ದು ಒಂದು, ಅವರ ಹೆಸರಲ್ಲೇ ಹುಟ್ಟಿದ ಸರ್ಕಾರಕ್ಕೆ ಬೇಕಾದದ್ದು ಇನ್ನೊಂದು. ಆ ಜಗ್ಗಾಟ ನಡೆದಿರುವಾಗಲೇ ಫ್ರಾನ್ಸ್ ಬಂದು ದೊಡ್ಡದೊಂದು ಸಾಲದ ಹೊರೆ ತಲೆ ಮೇಲಿಟ್ಟಿತು. ಕಾಫಿ ಸೀಮೆಯವರಿಗೆ ಇದನ್ನು ವಿವರಿಸುವುದು ಬೇರೆಯವರಿಗೆ ವಿವರಿಸುವುದಕ್ಕಿಂತ ಸುಲಭ.

ಹಿಸ್ಪಾನಿಯೋಲ ಕೆರಿಬಿಯನ್ ಸಮುದ್ರದ ಒಂದು ದ್ವೀಪ. ಅದರ ಪಡುವಣ ಭಾಗ, ಅಂದರೆ ಮೂರನೇ ಒಂದು ಪಾಲು, 1697ರ ಒಪ್ಪಂದದಲ್ಲಿ ಫ್ರಾನ್ಸಿನ ಕೈಗೆ ಬಂತು. ಇಂದಿನ ಹೈಟಿ ಅದೇ. ಆಗ ಅವರಿಟ್ಟ ಹೆಸರು ಸಾಂ ದೊಮಾಂಗ್. 1789ರ ಹೊತ್ತಿಗೆ ಅಲ್ಲಿ ಸುಮಾರು 5 ಲಕ್ಷ ಗುಲಾಮರಿದ್ದರು. ಬಿಳಿಯರು 30 ಸಾವಿರದ ಆಸುಪಾಸು. ಹೆಚ್ಚುಕಡಿಮೆ ಅಷ್ಟೇ ಸಂಖ್ಯೆಯಲ್ಲಿ ಮಿಶ್ರ ವರ್ಣದ ಸ್ವತಂತ್ರರಿದ್ದರು. ಈ ಮೂರನೆಯವರನ್ನು ಮರೆಯಬೇಡಿ, ಮುಂದಿನ ರಾಜಕೀಯದ ಅರ್ಧ ಕಥೆ ಇವರದೇ. ಬೆಟ್ಟದ ಮೇಲಿನ ಕಾಫಿ ತೋಟಗಳಲ್ಲಿ ಗಣನೀಯ ಪಾಲು ಇವರದಾಗಿತ್ತು, ಇವರ ಬಳಿಯೂ ಗುಲಾಮರಿದ್ದರು. ಆ ಒಂದೇ ವರ್ಷ ಅಲ್ಲಿಂದ ಸುಮಾರು 14 ಕೋಟಿ ಪೌಂಡ್ ಸಕ್ಕರೆ, 7.7 ಕೋಟಿ ಪೌಂಡ್ ಕಾಫಿ ಹಡಗು ಹತ್ತಿತು. ಯುರೋಪಿನವರು ಕುಡಿಯುತ್ತಿದ್ದ ಕಾಫಿಯಲ್ಲಿ ಅರ್ಧಕ್ಕಿಂತ ಹೆಚ್ಚು ಇಲ್ಲಿನದು. ಗುಲಾಮರಲ್ಲಿ ಹುಟ್ಟುವವರಿಗಿಂತ ಸಾಯುವವರೇ ಹೆಚ್ಚು. ಆ ಕೊರತೆ ತುಂಬಲು ವರ್ಷವರ್ಷವೂ ಆಫ್ರಿಕಾದಿಂದ ಹೊಸಬರನ್ನು ತರುತ್ತಿದ್ದರು. ಹೀಗಾಗಿ ಬಂಡಾಯದ ಹೊತ್ತಿಗೆ ಗುಲಾಮರಲ್ಲಿ ಹೆಚ್ಚಿನವರು ಆಫ್ರಿಕಾದಲ್ಲೇ ಹುಟ್ಟಿದವರು. ಕೆಲವರು ಅಲ್ಲಿನ ಯುದ್ಧಗಳಲ್ಲಿ ಕಾದಾಡಿ ಸೆರೆ ಸಿಕ್ಕವರು, ಬಂದೂಕು ಹಿಡಿಯುವುದು ಅವರಿಗೆ ಹೊಸದಲ್ಲ.

1791ರ ಆಗಸ್ಟ್ 22ರ ರಾತ್ರಿ ಉತ್ತರದ ಬಯಲಿನಲ್ಲಿ ಕಬ್ಬಿನ ಗದ್ದೆಗೆ ಬೆಂಕಿ ಬಿತ್ತು. ಅದಕ್ಕೆ ಮುಂಚೆ ಗುಲಾಮರ ನಡುವೆ ಒಂದು ಸುದ್ದಿ ಓಡಾಡುತ್ತಿತ್ತು: ಫ್ರಾನ್ಸಿನ ದೊರೆ ವಾರಕ್ಕೆ ಮೂರು ದಿನ ಬಿಡುವು ಕೊಟ್ಟಿದ್ದಾನೆ, ಚಾಟಿ ನಿಲ್ಲಿಸಿದ್ದಾನೆ, ಇಲ್ಲಿನ ಯಜಮಾನರು ಅದನ್ನು ಮುಚ್ಚಿಟ್ಟಿದ್ದಾರೆ ಎಂದು. ಸುದ್ದಿ ಸುಳ್ಳು. ಆದರೆ ಆ "ಮೂರು ದಿನ" ಗಮನಿಸಿ. ಗುಲಾಮರಿಗೆ ಊಟ ಹಾಕುವ ಖರ್ಚು ಉಳಿಸಲು ಯಜಮಾನರು ತೋಟದ ಅಂಚಿನಲ್ಲಿ ಒಂದೊಂದು ತುಂಡು ಜಾಗ ಬಿಟ್ಟುಕೊಡುತ್ತಿದ್ದರು. ನಮ್ಮ ಕಾಫಿ ತೋಟದ ಆಳುಗಳಿಗೆ ಲೈನ್ ಮನೆ ಹಿಂದೆ ಗೆಣಸು, ಬಾಳೆ ಹಾಕಿಕೊಳ್ಳಲು ಬಿಟ್ಟಂತೆ. ಬಿಡುವಿನ ಹೊತ್ತಲ್ಲಿ ಅಲ್ಲಿ ಬೆಳೆದು, ತಿಂದು ಉಳಿದದ್ದನ್ನು ಅವರು ಭಾನುವಾರದ ಸಂತೆಯಲ್ಲಿ ಮಾರಬಹುದಿತ್ತು. ಅಂದರೆ ಸ್ವಾತಂತ್ರ್ಯ ಎಂದರೆ ಏನು ಎಂಬುದಕ್ಕೆ ಅವರ ಬಳಿ ಆಗಲೇ ಒಂದು ಚಿತ್ರವಿತ್ತು: ನನ್ನ ತುಂಡು ನೆಲ, ನನ್ನ ಬೆಳೆ, ನನ್ನ ಸಂತೆ. ಮುಂದಿನ ನೂರು ವರ್ಷ ಅವರು ಈ ಚಿತ್ರವನ್ನು ಬಿಟ್ಟುಕೊಡಲಿಲ್ಲ.

ಯುದ್ಧದ ಕಥೆಯನ್ನು ಬೇಗ ದಾಟುತ್ತೇವೆ. 1793ರಲ್ಲಿ ಅಲ್ಲಿದ್ದ ಫ್ರೆಂಚ್ ಕಮಿಷನರು ಗುಲಾಮಗಿರಿ ರದ್ದು ಎಂದು ಸಾರಬೇಕಾಯಿತು. ಪ್ಯಾರಿಸ್ಸಿನ ಸಭೆ ಅದಕ್ಕೆ ಮುದ್ರೆ ಒತ್ತಿದ್ದು 1794ರ ಫೆಬ್ರವರಿ 4ರಂದು. ಮನುಷ್ಯರೆಲ್ಲ ಸಮಾನರು ಎಂದು 1789ರಲ್ಲೇ ಘೋಷಿಸಿದವರಿಗೆ ಇದು ಹೊಳೆಯಲು ನಾಲ್ಕೂವರೆ ವರ್ಷ ಹಿಡಿಯಿತು, ಅದೂ ದ್ವೀಪದ ಜನ ತಾವೇ ಸಂಕೋಲೆ ಮುರಿದುಕೊಂಡ ಮೇಲೆ. ಗುಲಾಮನಾಗಿ ಹುಟ್ಟಿದ್ದ ತೂಸಾಂ ಲೂವೆರ್ತ್ಯೂರ್ ಸೇನಾನಿಯಾಗಿ ಇಡೀ ನಾಡು ಹಿಡಿದ. 1801ರ ಕೊನೆಯಲ್ಲಿ ನೆಪೋಲಿಯನ್ ತನ್ನ ತಂಗಿಯ ಗಂಡನ ಕೈಕೆಳಗೆ ದೊಡ್ಡ ದಂಡು ಕಳಿಸಿದ. ತೂಸಾಂನನ್ನು ಮೋಸದಿಂದ ಹಿಡಿದು ಫ್ರಾನ್ಸಿಗೆ ಸಾಗಿಸಿದರು. ಅಲ್ಲಿನ ಚಳಿ ಕೋಟೆಯೊಂದರಲ್ಲಿ ಅವನು 1803ರ ಏಪ್ರಿಲ್‌ನಲ್ಲಿ ಸತ್ತ. ಆದರೆ ಹಳದಿ ಜ್ವರ ದಂಡನ್ನೂ ಸೇನಾಪತಿಯನ್ನೂ ತಿಂದುಹಾಕಿತು. 1803ರ ನವೆಂಬರ್ 18ರ ವೆರ್ತಿಯೇರ್ ಕಾಳಗದಲ್ಲಿ ಫ್ರೆಂಚರು ಕೊನೆಗೂ ಸೋತರು. 1804ರ ಜನವರಿ 1ರಂದು ತೂಸಾಂನ ಸೇನಾನಿಯಾಗಿದ್ದ ದೆಸಾಲಿನ್ ಸ್ವಾತಂತ್ರ್ಯ ಸಾರಿ, ಮೂಲನಿವಾಸಿ ತೈನೋ ಜನರ ಹಳೆ ಹೆಸರನ್ನೇ ದೇಶಕ್ಕಿಟ್ಟ: ಹೈಟಿ, ಬೆಟ್ಟಗಳ ನಾಡು. ಅದೇ ವರ್ಷ ಅಲ್ಲಿ ಉಳಿದಿದ್ದ ಫ್ರೆಂಚರಲ್ಲಿ ಬಹುಪಾಲು ಜನರನ್ನು ಕೊಲ್ಲಿಸಿದವನೂ ಅವನೇ.

ತೂಸಾಂ ಬದುಕಿದ್ದಾಗಿನ ಒಂದು ಸಂಗತಿಗೆ ಮಾತ್ರ ಹಿಂದಕ್ಕೆ ಹೋಗಬೇಕು, ಯಾಕೆಂದರೆ ಬಿರುಕು ಬಿಟ್ಟದ್ದು ಅಲ್ಲಿ. ಯುದ್ಧಕ್ಕೆ ಮದ್ದುಗುಂಡು ಬೇಕು, ಅದಕ್ಕೆ ಹಣ ಬೇಕು, ಹಣ ಬರುವುದು ಸಕ್ಕರೆ ಮತ್ತು ಕಾಫಿಯಿಂದ. ಹಾಗಾಗಿ ಸ್ವತಂತ್ರರಾದ ಆಳುಗಳು ಹಳೆ ತೋಟದಲ್ಲೇ ದುಡಿಯಬೇಕು, ಬಿಟ್ಟುಹೋಗುವಂತಿಲ್ಲ ಎಂದು ಅವನು ಕಟ್ಟಪ್ಪಣೆ ಮಾಡಿದ. ಬೆಳೆಯ ಕಾಲು ಭಾಗ ಆಳುಗಳಿಗೆ. ಚಾಟಿ ಹೋಯಿತು, ಮೇಸ್ತ್ರಿಯ ಜಾಗಕ್ಕೆ ಸೈನಿಕ ಬಂದ. 1801ರ ಅವನ ಸಂವಿಧಾನ ಗುಲಾಮಗಿರಿಯನ್ನು ಶಾಶ್ವತವಾಗಿ ತೆಗೆದುಹಾಕಿತು, ಅವನನ್ನು ಜೀವಮಾನದ ಗವರ್ನರನನ್ನಾಗಿಯೂ ಮಾಡಿತು. ಅದೇ ವರ್ಷ ಆಳುಗಳು ದಂಗೆ ಎದ್ದಾಗ ಅವರ ಪರ ಇದ್ದವನೆಂದು ತನ್ನ ಸಾಕು ಸೋದರಳಿಯ ಮೋಯಿಸ್‌ನನ್ನೇ ಗುಂಡಿಕ್ಕಿಸಿದ. ಅವನನ್ನು ಖಳನಾಯಕ ಎನ್ನುವುದು ತಪ್ಪು, ಅವನ ಲೆಕ್ಕ ಸರಿಯಾಗಿಯೇ ಇತ್ತು. ಆ ಲೆಕ್ಕದಲ್ಲಿ ಜನ ಮತ್ತೆ ಆಳುಗಳಾಗಿಯೇ ಉಳಿದರು ಅಷ್ಟೆ.

ಇನ್ನು ಕಬ್ಬು ಮತ್ತು ಕಾಫಿ. ಕಬ್ಬು ಕಡಿದ ಒಂದೆರಡು ದಿನದೊಳಗೆ ಗಾಣಕ್ಕೆ ಕೊಡದಿದ್ದರೆ ರಸ ಕೆಡುತ್ತದೆ. ಅದಕ್ಕೆ ಗಾಣ ಬೇಕು, ಕೊಪ್ಪರಿಗೆಗಳ ಸಾಲು ಬೇಕು, ಹಗಲೂ ರಾತ್ರಿ ಪಾಳಿಯಲ್ಲಿ ನೂರಾರು ಜನ ಬೇಕು. ಬಲವಂತ ನಿಂತ ದಿನ ಸಕ್ಕರೆಯೂ ನಿಂತಿತು. ಕಾಫಿ ಹಾಗಲ್ಲ. ಯಜಮಾನ ಓಡಿಹೋದ ತೋಟದಲ್ಲಿ ಚಿಗುರು ತೆಗೆಯುವವರು, ಕಳೆ ಹೊಡೆಯುವವರು ಇಲ್ಲದಿದ್ದರೂ ಗಿಡ ಒಂದಷ್ಟು ಹಣ್ಣು ಬಿಡುತ್ತಲೇ ಇರುತ್ತದೆ. ಗಂಡ, ಹೆಂಡತಿ, ಮಕ್ಕಳು ಸೇರಿ ಕುಯ್ದು, ಎರಡು ವಾರ ಕಣದಲ್ಲಿ ಒಣಗಿಸಿದರೆ ಚೆರ್ರಿ, ಅಂದರೆ ಸಿಪ್ಪೆ ಸಮೇತ ಒಣಗಿದ ಕಾಫಿ ಹಣ್ಣು, ತಿಂಗಳುಗಟ್ಟಲೆ ಕೆಡದೆ ಇರುತ್ತದೆ. ಬೆಲೆ ಬಂದಾಗ ಮಾರಬಹುದು. ಸಕಲೇಶಪುರದ ಎರಡೆಕರೆ ಬೆಳೆಗಾರನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1820ರ ದಶಕದ ಅಂಕಿಗಳಲ್ಲಿ ಇದು ಕಣ್ಣಿಗೆ ಹೊಡೆದಂತೆ ಕಾಣುತ್ತದೆ: ಹೈಟಿಯ ಸಕ್ಕರೆ ರಫ್ತು ಹೆಚ್ಚುಕಡಿಮೆ ಸೊನ್ನೆಗೆ ಬಂದಿತ್ತು, ಕಾಫಿ ರಫ್ತು ಮಾತ್ರ 1789ರ ಅರ್ಧದಷ್ಟು ಉಳಿದಿತ್ತು. ಹೊರಗಿನವರು ಇದನ್ನು "ಕುಸಿತ" ಎಂದು ಬರೆದರು. ಕುಸಿದದ್ದು ರಫ್ತು. ಅದೇ ನೆಲದಲ್ಲಿ ಜನ ತಮಗೆ ಬೇಕಾದ ಗೆಣಸು, ಜೋಳ, ಬಾಳೆ ಬೆಳೆದು ತಿನ್ನುತ್ತಿದ್ದರು, ಅದು ಯಾವ ಬಂದರಿನ ಪುಸ್ತಕದಲ್ಲೂ ದಾಖಲಾಗುವುದಿಲ್ಲ.

ನೆಲ ಯಾರದಾಯಿತು ಎಂಬುದಕ್ಕೆ ಎರಡು ಉತ್ತರ ಇವೆ. 1806ರಲ್ಲಿ ದೆಸಾಲಿನ್ ಕೊಲೆಯಾದ ಮೇಲೆ ದೇಶ ಎರಡಾಯಿತು. ಉತ್ತರದಲ್ಲಿ ಕ್ರಿಸ್ತೋಫ್ ಎಂಬ ಸೇನಾನಿ ದೊಡ್ಡ ತೋಟಗಳನ್ನು ಉಳಿಸಿಕೊಂಡು, ಜನರನ್ನು ಗದರಿಸಿ ದುಡಿಸಿ, ಖಜಾನೆ ತುಂಬಿಸಿದ. 1811ರಲ್ಲಿ ರಾಜನೆಂದು ಕಿರೀಟ ಇಟ್ಟುಕೊಂಡ. ಬೆಟ್ಟದ ನೆತ್ತಿಯಲ್ಲಿ ಕಟ್ಟಿಸಿದ ಅವನ ಕೋಟೆ ಈಗಲೂ ಇದೆ. ದಕ್ಷಿಣದಲ್ಲಿ ಪೆತಿಯೋಂ ಎಂಬ ಇನ್ನೊಬ್ಬ ಸೇನಾನಿ 1809ರಿಂದ ಸೈನಿಕರಿಗೆ ನೆಲ ಹಂಚಿದ. ಅವನ ಖಜಾನೆ ಬರಿದಾಯಿತು, ಜನ ಅವನನ್ನು "ಒಳ್ಳೆ ಮನಸ್ಸಿನ ಅಪ್ಪ" ಎಂದು ಕರೆದರು. ಇಬ್ಬರಲ್ಲಿ ಯಾರು ಸರಿ ಎಂದು ಇತಿಹಾಸಕಾರರು ಈಗಲೂ ಜಗಳವಾಡುತ್ತಾರೆ. ಬೆಟ್ಟದ ಜನ ಮಾತ್ರ ತೀರ್ಪಿಗೆ ಕಾಯಲಿಲ್ಲ, ಎಲ್ಲಿ ಖಾಲಿ ಜಾಗ ಕಂಡಿತೋ ಅಲ್ಲಿ ಹೋಗಿ ಕೂತರು. ಹಕ್ಕುಪತ್ರವಿಲ್ಲ, ಅನುಭೋಗ ಮಾತ್ರ. ನಮ್ಮ ಬಗರ್‌ಹುಕುಂ ಸಾಗುವಳಿಯ ಹಾಗೆ.

ನಮ್ಮಲ್ಲಿ ಇದಕ್ಕೆ ಹೋಲಿಸಬಹುದಾದದ್ದು 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ. ಗೇಣಿದಾರರು ಫಾರಂ ನಂಬರ್ 7 ತುಂಬಿ ಭೂ ನ್ಯಾಯಮಂಡಳಿಗೆ ಕೊಟ್ಟರು, ಗದ್ದೆ ಉಳುವವನ ಹೆಸರಿಗೆ ಪಹಣಿ ಆಯಿತು. ಆದರೆ ಕಾಫಿ, ಏಲಕ್ಕಿ, ಟೀ, ರಬ್ಬರ್ ತೋಟಗಳನ್ನು ಭೂಮಿತಿಯಿಂದ ಹೊರಗಿಟ್ಟರು. ತೋಟ ಒಡೆದರೆ ರಫ್ತು ಬೀಳುತ್ತದೆ ಎಂಬ ವಾದ ಹಾಸನ, ಚಿಕ್ಕಮಗಳೂರಿನವರಿಗೆ ಗೊತ್ತಿರುವುದೇ. ತೂಸಾಂ, ಕ್ರಿಸ್ತೋಫ್ ಹಿಡಿದದ್ದೂ ಅದೇ ವಾದ. ಹೈಟಿಯಲ್ಲಿ ಜನ ಅದನ್ನು ಒಪ್ಪಲಿಲ್ಲ.

ಈಗ ಸಾಲದ ವಿಷಯ. ಇದನ್ನು ಬಿಟ್ಟು ಹೈಟಿಯ ಬಡತನದ ಬಗ್ಗೆ ಮಾತಾಡುವವರನ್ನು ನಂಬಬೇಡಿ. 1825ರ ಜುಲೈನಲ್ಲಿ ಫ್ರಾನ್ಸಿನ ದೊರೆ ಹತ್ತನೇ ಚಾರ್ಲ್ಸನ ಯುದ್ಧನೌಕೆಗಳು ರಾಜಧಾನಿ ಪೋರ್ಟ್-ಔ-ಪ್ರಿನ್ಸ್ ಮುಂದೆ ನಿಂತವು. ನಿಮ್ಮ ಸ್ವಾತಂತ್ರ್ಯ ಒಪ್ಪಿಕೊಳ್ಳುತ್ತೇವೆ, ಬದಲಿಗೆ ತೋಟ ಕಳೆದುಕೊಂಡ ಯಜಮಾನರಿಗೆ ಪರಿಹಾರವಾಗಿ 15 ಕೋಟಿ ಫ್ರಾಂಕ್ ಕೊಡಿ, ಐದು ಕಂತಿನಲ್ಲಿ. ಜೊತೆಗೆ ಫ್ರೆಂಚ್ ಸರಕಿಗೆ ಸುಂಕ ಅರ್ಧ. ಅಷ್ಟರಲ್ಲಿ ಮತ್ತೆ ಒಂದಾಗಿದ್ದ ದೇಶಕ್ಕೆ ಅಧ್ಯಕ್ಷನಾಗಿದ್ದ ಬೊಯೇ ಒಪ್ಪಿದ. ಮೊದಲ ಕಂತು 3 ಕೋಟಿ ಕೊಡಲು ಪ್ಯಾರಿಸ್ಸಿನ ಬ್ಯಾಂಕಿನವರಿಂದಲೇ 3 ಕೋಟಿ ಸಾಲ ಎತ್ತಿದರು. ಅವರು ಮುಂಗಡವಾಗಿ ಹಿಡಿದುಕೊಂಡು ಕೈಗೆ ಕೊಟ್ಟದ್ದು 2.4 ಕೋಟಿ, ಬಡ್ಡಿ ಮಾತ್ರ ಪೂರ್ತಿ 3 ಕೋಟಿಗೆ. ಗೆದ್ದವರು ಸೋತವರಿಗೆ ದಂಡ ಕಟ್ಟಿದ್ದು, ಅದನ್ನು ಕಟ್ಟಲು ಸೋತವರ ಊರಲ್ಲೇ ಸಾಲ ಮಾಡಿದ್ದು, ಎರಡೂ ಒಟ್ಟಿಗೆ. 1838ರಲ್ಲಿ ಒಟ್ಟು ಮೊತ್ತವನ್ನು 9 ಕೋಟಿಗೆ ಇಳಿಸಿದರು. ಪರಿಹಾರದ ಕಂತು ಮುಗಿದದ್ದು 1880ರ ದಶಕದಲ್ಲಿ. ಸಾಲ ತೀರಿಸಲು ಮಾಡಿದ ಸಾಲ, ಅದನ್ನು ತೀರಿಸಲು ಅಮೆರಿಕದ ಬ್ಯಾಂಕಿನಿಂದ ಮಾಡಿದ ಸಾಲ, ಎಲ್ಲ ಸೇರಿ ಬಾಲ ಕಡಿದದ್ದು 1947ರಲ್ಲಿ. ನಮಗೆ ಸ್ವಾತಂತ್ರ್ಯ ಬಂದ ವರ್ಷ.

ಹಣ ಎಲ್ಲಿಂದ ಬಂತು? ಬಂದರಿನಲ್ಲಿ ಕಾಫಿ ಮೂಟೆಯ ಮೇಲೆ ಹಾಕಿದ ರಫ್ತು ಸುಂಕದಿಂದ. ಸರ್ಕಾರ ಬೆಟ್ಟ ಹತ್ತಿ ರೈತನ ಮನೆಗೆ ಕಂದಾಯಕ್ಕೆ ಹೋಗಬೇಕಾಗಿರಲಿಲ್ಲ. ರಫ್ತುದಾರ ಸುಂಕವನ್ನು ಬೆಲೆಯಲ್ಲಿ ಮುರಿದುಕೊಳ್ಳುತ್ತಿದ್ದ, ಮಧ್ಯವರ್ತಿ ತನ್ನ ಪಾಲು ಹಿಡಿಯುತ್ತಿದ್ದ, ರೈತನಿಗೆ ಉಳಿದದ್ದು ಸಿಗುತ್ತಿತ್ತು. ಬಂದ ಸುಂಕದಿಂದ ಬೆಟ್ಟಕ್ಕೆ ರಸ್ತೆ ಬರಲಿಲ್ಲ, ಶಾಲೆ ಬರಲಿಲ್ಲ. ರೈತನಿಗೆ ಬೇಕಾದ ನೆಲ ಸಿಕ್ಕಿತ್ತು, ಸರ್ಕಾರಕ್ಕೆ ಬೇಕಾದ ಸುಂಕ ಸಿಗುತ್ತಿತ್ತು, ಇಬ್ಬರಿಗೂ ಬೇರೆ ಮಾತುಕತೆ ಉಳಿಯಲಿಲ್ಲ. ಪಟ್ಟಣದವರು ರೈತರನ್ನು ಕರೆಯುತ್ತಿದ್ದದ್ದು "ಮೂನ್ ಅಂದೆಯೊ" ಎಂದು, ಅಂದರೆ ಹೊರಗಿನ ಜನ. ದೇಶದ ಬಹುಪಾಲು ಜನಕ್ಕೆ ಇಟ್ಟ ಹೆಸರು ಇದು!

ರಾಜಕೀಯದ ಮೇಲೆ ಇದರ ಪರಿಣಾಮ ನೇರ. ಬಂದರಿನ ಸುಂಕದ ಕಟ್ಟೆ ಯಾರ ಕೈಲಿದೆಯೋ ಅವರದೇ ಸರ್ಕಾರ, ಅದನ್ನು ಹಿಡಿಯುವ ದಾರಿ ಸೈನ್ಯ. ಹೀಗೆ ಒಬ್ಬ ಸೇನಾನಿ ಹೋಗಿ ಇನ್ನೊಬ್ಬ ಬಂದ, ಪ್ರತಿಯೊಬ್ಬನಿಗೂ ಹೊಸ ಸಂವಿಧಾನ. "ಸಂವಿಧಾನ ಕಾಗದ, ಬಯೊನೆಟ್ ಕಬ್ಬಿಣ" ಎಂಬ ಗಾದೆ ಅಲ್ಲಿ ಸುಮ್ಮನೆ ಹುಟ್ಟಿದ್ದಲ್ಲ. ಹಳೆ ಮಿಶ್ರವರ್ಣದ ಸ್ಥಿತಿವಂತರಿಗೂ ಕಪ್ಪು ಸೇನಾನಿಗಳಿಗೂ ನಡುವಿನ ಹಗ್ಗಜಗ್ಗಾಟವೂ ಇದರೊಳಗೇ ಸೇರಿಕೊಂಡಿತು. 1805ರ ಸಂವಿಧಾನ ಒಂದು ಗಟ್ಟಿ ಕೆಲಸ ಮಾಡಿತ್ತು: ಹೈಟಿಯ ಪ್ರಜೆಗಳೆಲ್ಲ, ಬಣ್ಣ ಯಾವುದೇ ಇರಲಿ, "ಕಪ್ಪು ಜನ" ಎಂದೇ ಕರೆಸಿಕೊಳ್ಳಬೇಕು. ಫ್ರೆಂಚರನ್ನು ಬಿಟ್ಟು ಇವರ ಕಡೆ ಸೇರಿದ ಪೋಲೆಂಡಿನ ಸೈನಿಕರೂ ಇದರಲ್ಲಿ ಬಂದರು. ಬಿಳಿಯ ಯಾರೂ ಯಜಮಾನನಾಗಿ ಇಲ್ಲಿ ಆಸ್ತಿ ಮಾಡುವಂತಿಲ್ಲ ಎಂಬ ನಿಯಮವೂ ಅದರಲ್ಲಿತ್ತು. 1915ರಿಂದ 1934ರವರೆಗೆ ಅಮೆರಿಕದ ಸೈನ್ಯ ದೇಶ ಹಿಡಿದುಕೊಂಡಿತ್ತು. ಪರಕೀಯರಿಗೆ ನೆಲ ಕೊಡಬಾರದೆಂಬ ಈ ಕಟ್ಟು ಸಡಿಲವಾದದ್ದು ಆಗ, 1918ರ ಸಂವಿಧಾನದಲ್ಲಿ.

ಸಂಸ್ಕೃತಿ ಮಾತ್ರ ಬೆಟ್ಟದ ಜನರದೇ. ಒಬ್ಬರ ಹೊಲಕ್ಕೆ ಊರವರೆಲ್ಲ ಡೋಲು ಬಾರಿಸಿಕೊಂಡು ಬಂದು ದುಡಿಯುವುದಕ್ಕೆ ಅಲ್ಲಿ "ಕೊಂಬಿತ್" ಎನ್ನುತ್ತಾರೆ. ಕೂಲಿ ಇಲ್ಲ, ಊಟ ಉಂಟು, ನಾಳೆ ಅವರ ಹೊಲಕ್ಕೆ ಇವರು ಹೋಗಬೇಕು. ಮಲೆನಾಡಿನ ಮುಯ್ಯಾಳಿಗೂ ಅದಕ್ಕೂ ದೊಡ್ಡ ವ್ಯತ್ಯಾಸವಿಲ್ಲ. ಬಲವಂತದ ದುಡಿಮೆಯಿಂದ ಓಡಿಬಂದವರು ಕಟ್ಟಿಕೊಂಡ ದುಡಿಮೆ ಎಂಬುದಷ್ಟೇ ಅದರ ವಿಶೇಷ. ಸಂತೆಗೆ ಮಾಲು ಹೊತ್ತು ತರುವ ವ್ಯಾಪಾರ ಹೆಂಗಸರ ಕೈಲೇ ಉಳಿಯಿತು. 1804ರಿಂದ 1860ರವರೆಗೆ ರೋಮಿನ ಚರ್ಚಿಗೂ ಹೈಟಿಗೂ ಸಂಬಂಧ ಕಡಿದಿತ್ತು. ಆ 56 ವರ್ಷ ಆಫ್ರಿಕಾದ ದೈವಗಳನ್ನು ಪೂಜಿಸುವ ವೋಡೂ ಹಳ್ಳಿಹಳ್ಳಿಯಲ್ಲಿ ಬೇರು ಬಿಟ್ಟಿತು. ಆಮೇಲೆ ಪಾದ್ರಿಗಳು ಬಂದು ಕಿತ್ತರೂ ಬರಲಿಲ್ಲ. ಎಲ್ಲರೂ ಆಡುವ ಕ್ರಿಯೋಲ್ ಭಾಷೆಗೆ ಮಾತ್ರ ಫ್ರೆಂಚಿನ ಜೊತೆ ಅಧಿಕೃತ ಸ್ಥಾನ ಸಿಕ್ಕಿದ್ದು 1987ರಲ್ಲಿ, ಅಂದರೆ ಸ್ವಾತಂತ್ರ್ಯ ಬಂದು 183 ವರ್ಷಕ್ಕೆ. ಕೋರ್ಟು, ಕಚೇರಿ, ಶಾಲೆ ಎಲ್ಲ ಹೆಚ್ಚುಕಡಿಮೆ ಅಷ್ಟು ಕಾಲ ಜನಕ್ಕೆ ಬಾರದ ಭಾಷೆಯಲ್ಲಿ. ಜನವರಿ 1ರಂದು ಮನೆಮನೆಯಲ್ಲಿ ಕುಂಬಳಕಾಯಿ ಸೂಪ್ ಮಾಡುತ್ತಾರೆ. ಗುಲಾಮರು ಬೇಯಿಸಬೇಕಿತ್ತು, ಯಜಮಾನರಷ್ಟೇ ಕುಡಿಯಬೇಕಿತ್ತು ಎಂಬುದು ಅದರ ಹಿಂದಿನ ನೆನಪು. 2021ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದೆ.

ಹೈಟಿ ಬಿದ್ದದ್ದರಿಂದ ನಮ್ಮ ಕಾಫಿ ಎದ್ದಿತಾ ಎಂದೂ ಕೆಲವರು ಕೇಳುತ್ತಾರೆ. ನೇರವಾಗಿ ಅಲ್ಲ. ಓಡಿಹೋದ ಯಜಮಾನರು ಕ್ಯೂಬಾ, ಜಮೈಕಾದಲ್ಲಿ ತೋಟ ಹಾಕಿದರು, ಆಮೇಲೆ ಬ್ರೆಜಿಲ್, ಜಾವಾ ಮುಂದೆ ಬಂದವು. ಬಾಬಾಬುಡನ್‌ಗಿರಿಯಲ್ಲಿ ಗಿಡ ಮೊದಲೇ ಇದ್ದರೂ ಇಂಗ್ಲಿಷಿನವರು ಮಂಜರಾಬಾದ್, ಚಿಕ್ಕಮಗಳೂರು ಸುತ್ತ ದೊಡ್ಡ ತೋಟ ಎಬ್ಬಿಸಿದ್ದು ಒಂದೆರಡು ತಲೆಮಾರು ಕಳೆದ ಮೇಲೆ.

ಹೈಟಿಯಲ್ಲಿ ಕಾಫಿ ಈಗಲೂ ಇದೆ, ಹೆಚ್ಚಿನದು ತುಂಡು ಹಿಡುವಳಿ. ಬಾಳೆ, ಗೆಣಸಿನ ನಡುವೆ, ಮರದ ನೆರಳಲ್ಲಿ, ಎತ್ತರದ ಹಳೆ ಅರೇಬಿಕಾ ಗಿಡಗಳು. ಮನೆ ಬಳಕೆಗೆ ಒಣ ಚೆರ್ರಿಯನ್ನು ಮರದ ಒರಳಲ್ಲಿ ಒನಕೆಯಿಂದ ಕುಟ್ಟಿ, ಸಿಪ್ಪೆ ಕೇರಿ, ಬೀಜ ಹುರಿಯುವಾಗ ಬಾಣಲೆಗೆ ಸಕ್ಕರೆ ಹಾಕುತ್ತಾರೆ. ಸಕ್ಕರೆ ಕರಗಿ, ಕಪ್ಪಾಗಿ ಬೀಜಕ್ಕೆ ಹತ್ತಿಕೊಳ್ಳುತ್ತದೆ. ಪುಡಿಯೂ ಒರಳಲ್ಲೇ.