ಮೊದಲು ಕೇಳುವ ಪ್ರಶ್ನೆ ಸ್ನಾನದ್ದು

"ಅಮ್ಮನಿಗೆ ಬಿಪಿ, ಶುಗರ್ ಎರಡೂ ಇದೆ. ಮುಂದೆ ಹೇಗೆ ಡಾಕ್ಟ್ರೇ?" ಎಂದು ವಯಸ್ಸಾದವರನ್ನು ಕರೆತರುವ ಮಕ್ಕಳು ಕೇಳುತ್ತಾರೆ. ನಾನು ಕೇಳುವುದು ಬೇರೆ: "ಸ್ನಾನ ಅವರೇ ಮಾಡ್ತಾರಾ?"

ಆರೈಕೆ ಎಷ್ಟು ಬೇಕು ಅನ್ನುವುದು ಕಾಯಿಲೆಯ ಹೆಸರಿನಿಂದ ಗೊತ್ತಾಗುವುದಿಲ್ಲ. ಒಂದೇ ಕಾಯಿಲೆ ಇರುವ ಇಬ್ಬರಲ್ಲಿ ಒಬ್ಬರು ಆರಾಮಾಗಿ ಓಡಾಡಿಕೊಂಡಿರುತ್ತಾರೆ, ಇನ್ನೊಬ್ಬರಿಗೆ ಮಂಚದಿಂದ ಏಳಲೂ ಕೈ ಕೊಡಬೇಕು. ಇದನ್ನು ಅಳೆಯಲು ಸಿಡ್ನಿ ಕಾಟ್ಜ್ ಎಂಬ ವೈದ್ಯರು ಮತ್ತು ಅವರ ಸಂಗಡಿಗರು 1963ರಲ್ಲಿ ಆರು ಕೆಲಸಗಳನ್ನು ಮುಂದಿಟ್ಟರು. ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಶೌಚಕ್ಕೆ ಹೋಗಿಬರುವುದು, ಮಂಚದಿಂದ ಎದ್ದು ಕುರ್ಚಿಯಲ್ಲಿ ಕೂರುವುದು, ಮಲಮೂತ್ರದ ಮೇಲಿನ ಹಿಡಿತ, ಊಟ. ಸಾಮಾನ್ಯವಾಗಿ ಮೊದಲು ಕಷ್ಟವಾಗುವುದು ಸ್ನಾನ, ಕೊನೆಗೆ ಊಟ. ಹಾಗಾಗಿ ಸ್ನಾನಕ್ಕೆ ನೆರವು ಬೇಕಾದ ದಿನವೇ ಉಳಿದದ್ದಕ್ಕೆ ತಯಾರಿ ಶುರುವಾಗಬೇಕು. ಹಣದ ಲೆಕ್ಕ ತಪ್ಪುವುದು, ಒಂದೇ ಮಾತ್ರೆ ಎರಡು ಸಲ ನುಂಗುವುದು ಇನ್ನೂ ಮುಂಚಿನ ಸೂಚನೆಗಳು. ಆದರೆ ಇವತ್ತು ನಿನ್ನೆಯಲ್ಲಿ ದಿಢೀರನೆ ಗೊಂದಲ ಶುರುವಾದರೆ, "ವಯಸ್ಸಾಯ್ತಲ್ವಾ" ಎಂದು ಸುಮ್ನೆ ಕೂರಬೇಡಿ. ಸೋಂಕು ಇರಬಹುದು, ಹೊಸ ಮಾತ್ರೆಯ ಪರಿಣಾಮವೂ ಇರಬಹುದು. ಅವತ್ತೇ ತೋರಿಸಿ.

ಯೋಜನೆ ಹಾಕುವಾಗ ಎಲ್ಲರೂ ಮರೆಯುವುದು ರಾತ್ರಿಯನ್ನು. ಶೌಚಕ್ಕೆ ಮೂರು ಸಲ ಎಬ್ಬಿಸಬೇಕು. ಹಾಸಿಗೆ ಹಿಡಿದವರಿಗೆ ಮೈ ಹುಣ್ಣಾಗದಂತೆ ಆಗಾಗ ಮಗ್ಗುಲು ಬದಲಿಸಬೇಕು. ಹಗಲೆಲ್ಲ ದುಡಿದವರು ಇದನ್ನು ಒಬ್ಬರೇ ತಿಂಗಳುಗಟ್ಟಲೆ ಮಾಡಲಾರರು. ನೋಡಿಕೊಳ್ಳುತ್ತಿದ್ದವರೇ ನನ್ನೆದುರು ಕೂತು ಅತ್ತದ್ದಿದೆ. ಅದಕ್ಕೇ ಕೇಳುತ್ತೇನೆ, ಯಾರು ಯಾವ ರಾತ್ರಿ ಎದ್ದಿರುತ್ತೀರಿ, ಅವರಿಗೆ ರಜೆ ಯಾವಾಗ? ಹೆಸರು ಹಾಕಿ ಬರೆದಿಡಿ.

ಕಾಗದಪತ್ರದ ಕೆಲಸ ತಜ್ಞರಿಗೆ ಬಿಡಿ, ಆದರೆ ತಡ ಮಾಡಬೇಡಿ. ತಮ್ಮ ಪರವಾಗಿ ವ್ಯವಹಾರ ನೋಡಿಕೊಳ್ಳಲು ಇನ್ನೊಬ್ಬರಿಗೆ ಸಾಮಾನ್ಯ ಅಧಿಕಾರ ಪತ್ರ (ಜನರಲ್ ಪವರ್ ಆಫ್ ಅಟಾರ್ನಿ) ಬರೆದುಕೊಟ್ಟವರು ತಾವೇ ನಿರ್ಧರಿಸುವ ಶಕ್ತಿ ಕಳೆದುಕೊಂಡರೆ, ಹಲವು ದೇಶಗಳಲ್ಲಿ ಅದು ನಡೆಯುವುದಿಲ್ಲ. ಬೇಕಾದ ಹೊತ್ತಿಗೇ ಇಲ್ಲದಂತಾಗುತ್ತದೆ.

ಇದೆಲ್ಲದಕ್ಕಿಂತ ಜಾಸ್ತಿ ನನ್ನನ್ನು ಕಾಡುವುದು, ಮಾತುಕತೆಯೆಲ್ಲ ಹಿರಿಯರನ್ನು ಕೇಳದೆಯೇ ನಡೆದುಹೋಗುವುದು. ಒಮ್ಮೆ ಮಗ, ಮಗಳು ಸ್ನಾನ ಮಾಡಿಸುವ ಪಾಳಿ ಹಂಚಿಕೊಳ್ಳುತ್ತಿದ್ದರು. ನಾನು ತಾಯಿಯ ಕಡೆ ತಿರುಗಿ, "ನಿಮಗೆ ಯಾರು ಮಾಡಿಸಿದರೆ ಸರಿ ಅಮ್ಮಾ?" ಎಂದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ, "ಸ್ನಾನಕ್ಕೆ ಹೊರಗಿನ ಹೆಂಗಸನ್ನು ಇಡಿ. ಇವರು ಆ ಹೊತ್ತಲ್ಲಿ ನನ್ನ ಜೊತೆ ಕೂತು ಮಾತಾಡಲಿ" ಎಂದರು. ಪಾಳಿಯ ಚೀಟಿಯನ್ನು ಮಗಳು ಮಡಚಿ ಚೀಲಕ್ಕೆ ಹಾಕಿಕೊಂಡಳು.