ಸ್ಲಿಂಗ್ ಲೋಡ್: ಹೆಲಿಕಾಪ್ಟರಿನ ಹೊಟ್ಟೆಯಡಿ ತೂಗುವ ಸರಕು

2024ರ ಆಗಸ್ಟ್ 31ರಂದು ಕೇದಾರನಾಥದಿಂದ ಹೊರಟ ವಾಯುಪಡೆಯ ಎಂಐ-17 ಹೆಲಿಕಾಪ್ಟರಿನ ಕೆಳಗೆ ಇನ್ನೊಂದು ಹೆಲಿಕಾಪ್ಟರ್ ನೇತಾಡುತ್ತಿತ್ತು. ಮೇ 24ರಂದು ತುರ್ತಾಗಿ ಇಳಿದು ಕೆಟ್ಟು ಕೂತಿದ್ದ ಖಾಸಗಿ ಯಂತ್ರ ಅದು. ರಿಪೇರಿಗೆಂದು ಗೌಚರ್ ವಿಮಾನಪಟ್ಟಿಗೆ ಒಯ್ಯುತ್ತಿದ್ದರು. ಸ್ವಲ್ಪ ದೂರ ಹೋಗುವಷ್ಟರಲ್ಲೇ ಅದು ಕಣಿವೆಗೆ ಬಿತ್ತು. ಹಗ್ಗ ಕಡಿದು ಬಿತ್ತೆಂದು ಮೊದಲು ಸುದ್ದಿಯಾಯಿತು. ಜಿಲ್ಲಾ ಪ್ರವಾಸೋದ್ಯಮ ಅಧಿಕಾರಿ ಹೇಳಿದ್ದು ಬೇರೆ: ಭಾರಕ್ಕೂ ಗಾಳಿಗೂ ಸಮತೋಲ ತಪ್ಪತೊಡಗಿದಾಗ ಪೈಲಟ್ ಥಾರು ಕ್ಯಾಂಪ್ ಬಳಿ ಖಾಲಿ ಜಾಗ ನೋಡಿ ಬಿಟ್ಟುಬಿಟ್ಟರು. ಯಾರಿಗೂ ಪೆಟ್ಟಾಗಲಿಲ್ಲ. ಕಡಿದು ಬೀಳುವುದಕ್ಕೂ ಬೇಕೆಂದೇ ಬಿಡುವುದಕ್ಕೂ ಇರುವ ವ್ಯತ್ಯಾಸ 'ಸ್ಲಿಂಗ್ ಲೋಡ್' ಎಂಬ ಪದದೊಳಗೇ ಇದೆ.

ಸ್ಲಿಂಗ್ ಎಂದರೆ ಸರಕನ್ನು ಸುತ್ತಿ ಹಿಡಿಯುವ ಪಟ್ಟಿ, ಹಗ್ಗ ಅಥವಾ ಬಲೆ. ಒಳಗೆ ಹಿಡಿಸದ್ದನ್ನು, ಅಥವಾ ಹೆಲಿಕಾಪ್ಟರ್ ಇಳಿಯಲಾಗದ ಜಾಗಕ್ಕೆ ಮುಟ್ಟಿಸಬೇಕಾದ್ದನ್ನು ಹೀಗೆ ಕಟ್ಟಿ ಹೊಟ್ಟೆಯಡಿಯ ಹುಕ್ಕಿಗೆ ಸಿಕ್ಕಿಸುತ್ತಾರೆ. ಈ ಹುಕ್ ಯಂತ್ರದ ಗುರುತ್ವ ಕೇಂದ್ರದ ಹತ್ತಿರವೇ ಇರುತ್ತದೆ. ಇಲ್ಲವಾದರೆ ಸರಕು ಮೂತಿಯನ್ನೋ ಬಾಲವನ್ನೋ ಕೆಳಕ್ಕೆ ಜಗ್ಗುತ್ತದೆ. ಹುಕ್ ಬಿಚ್ಚುವ ಬಟನ್ ಸಾಮಾನ್ಯವಾಗಿ ಪೈಲಟ್ ಹಿಡಿದ ಸೈಕ್ಲಿಕ್ ಕಡ್ಡಿಯ (ಹೆಲಿಕಾಪ್ಟರನ್ನು ಹಿಂದೆ-ಮುಂದೆ, ಅಕ್ಕಪಕ್ಕ ವಾಲಿಸುವ ಕಡ್ಡಿ) ಮೇಲೆಯೇ ಇರುತ್ತದೆ, ವಿದ್ಯುತ್ ಕೈಕೊಟ್ಟರೆ ಎಂದು ಕೇಬಲ್ಲಿನಿಂದ ಎಳೆಯುವ ಇನ್ನೊಂದು ವ್ಯವಸ್ಥೆಯೂ ಇರುತ್ತದೆ. ಹೀಗೆ ಸರಕನ್ನು ಕಳಚಿ ಹಾಕುವುದಕ್ಕೆ ಜೆಟಿಸನ್ ಎಂಬ ಹೆಸರಿದೆ. ಕೊನೆಯ ಗಳಿಗೆಯ ಉಪಾಯವಾದರೂ ಅದನ್ನು ಮೊದಲೇ ಲೆಕ್ಕಕ್ಕೆ ಹಿಡಿದಿರುತ್ತಾರೆ. ಜನ, ಮನೆಗಳ ಮೇಲೆ ಹಾಯದಂತೆ ದಾರಿ ಗೊತ್ತುಮಾಡುವುದು ಇದೇ ಕಾರಣಕ್ಕೆ.

ಬೆಟ್ಟದ ಮೇಲೆ ಈ ಕೆಲಸ ಯಾಕೆ ಕಷ್ಟ? ಮೊದಲನೆಯದು ತೆಳು ಗಾಳಿ. ಕೇದಾರನಾಥ ಇರುವುದು ಸುಮಾರು 3,583 ಮೀಟರ್, ಅಂದರೆ 11,750 ಅಡಿ ಎತ್ತರದಲ್ಲಿ. ಪೈಲಟ್‌ಗಳು ಅಳತೆಗೋಲಾಗಿ ಬಳಸುವ ಪ್ರಮಾಣಿತ ವಾತಾವರಣದ ಲೆಕ್ಕದಲ್ಲಿ ಅಲ್ಲಿ ಮೈನಸ್ 8 ಡಿಗ್ರಿ ಇರಬೇಕು. ಅದಕ್ಕಿಂತ ಸೆಖೆ ಹೆಚ್ಚಿದ ಪ್ರತಿ ಡಿಗ್ರಿಗೆ ಆ ಎತ್ತರಕ್ಕೆ ಸುಮಾರು 120 ಅಡಿ ಕೂಡಿಸಿ. ಹತ್ತು ಡಿಗ್ರಿ ಇರುವ ದಿನ 18 ಡಿಗ್ರಿ ವ್ಯತ್ಯಾಸ, ಹಾಗಾಗಿ ರೋಟರಿನ (ತಲೆಯ ಮೇಲೆ ತಿರುಗುವ ಅಲಗುಗಳ) ಪಾಲಿಗೆ ಅದು ಸುಮಾರು 14,000 ಅಡಿ. ಅಲ್ಲಿನ ಗಾಳಿಯ ಸಾಂದ್ರತೆ ಸಮುದ್ರಮಟ್ಟದ್ದರ 65%ರಷ್ಟು. ಅಲಗುಗಳಿಗೆ ಹಿಡಿತ ಕಡಿಮೆ, ಎಂಜಿನ್ನಿಗೆ ಉಸಿರು ಕಡಿಮೆ. ಅದೇ ಜಾಗದಲ್ಲಿ ಬೆಳಗ್ಗೆ ಸೊನ್ನೆ ಡಿಗ್ರಿಯಿದ್ದರೆ ಲೆಕ್ಕ 12,750ಕ್ಕೇ ನಿಲ್ಲುತ್ತದೆ. ಭಾರ ಎತ್ತುವವರು ಬೆಳಗಿನ ಹೊತ್ತನ್ನು ಆರಿಸಿಕೊಳ್ಳುವುದಕ್ಕೆ ಇದೂ ಒಂದು ಕಾರಣ.

ಎರಡನೆಯದು ಹಗ್ಗದ ಉದ್ದ. ನೆಲಕ್ಕೆ ಒಂದು ರೋಟರ್ ವ್ಯಾಸದೊಳಗೆ ನಿಂತಾಗ ಹೆಲಿಕಾಪ್ಟರಿಗೆ ನೆಲದ ಆಸರೆ ಸಿಗುತ್ತದೆ, ಕಡಿಮೆ ಶಕ್ತಿಯಲ್ಲಿ ತೇಲಬಹುದು. ಎಂಐ-17ರ ರೋಟರ್ ವ್ಯಾಸ 21 ಮೀಟರಿಗೂ ಹೆಚ್ಚು. ಉದ್ದ ಹಗ್ಗ ಕಟ್ಟಿದ ಯಂತ್ರ ಈ ಆಸರೆಯಿಂದ ಮೇಲೆ ಹೋಗಿಬಿಡುತ್ತದೆ. ಆದ್ದರಿಂದ 'ಇಷ್ಟು ಎತ್ತಬಹುದೇ' ಎಂಬ ಲೆಕ್ಕವನ್ನು ನೆಲದ ಆಸರೆಯಿಲ್ಲದ ಹೋವರಿನ (ಒಂದೇ ಕಡೆ ತೇಲಿ ನಿಲ್ಲುವುದರ) ಕೋಷ್ಟಕದಲ್ಲೇ ನೋಡಬೇಕು. ತಪ್ಪು ಕೋಷ್ಟಕ ನೋಡಿದವರಿಗೆ ಭಾರ ನೆಲ ಬಿಡುವಾಗ ಶಕ್ತಿ ಸಾಲದು. ಯಂತ್ರದ ಮೈ ಗಿರ್ರನೆ ತಿರುಗದಂತೆ ತಡೆಯುವ ಬಾಲದ ರೋಟರಿಗೂ ಅದೇ ತೆಳು ಗಾಳಿ. ಅದನ್ನು ನಿಯಂತ್ರಿಸುವ ಪೆಡಲ್ ಪೂರ್ತಿ ಒತ್ತಿದರೂ ಮೂತಿ ತಿರುಗುವುದು ನಿಲ್ಲದಿರಬಹುದು.

ಇನ್ನು ತೂಗಾಟ. ಬಾವಿಗೆ ಕೊಡ ಬಿಟ್ಟವರಿಗೆ ಗೊತ್ತು, ಹಗ್ಗ ಉದ್ದವಾದಷ್ಟೂ ಕೊಡ ನಿಧಾನಕ್ಕೆ ಓಲಾಡುತ್ತದೆ. 10 ಮೀಟರ್ ಹಗ್ಗದ ಒಂದು ಪೂರ್ತಿ ಓಲಾಟಕ್ಕೆ ಸುಮಾರು 6 ಸೆಕೆಂಡ್, 30 ಮೀಟರಿಗೆ 11. ಪೈಲಟ್ ಅದನ್ನು ಹಿಡಿಯಲು ಹೋಗಿ ಅರ್ಧ ಕ್ಷಣ ತಡಮಾಡಿದರೆ, ಜೋಕಾಲಿಯನ್ನು ಸರಿಯಾದ ಗಳಿಗೆಗೆ ತಳ್ಳಿದಂತಾಗಿ ಓಲಾಟ ಬೆಳೆಯುತ್ತದೆ. ಹಾಗಾಗಿ ಕಡ್ಡಿಯಿಂದ ಅದರ ಬೆನ್ನು ಹತ್ತದೆ, ಮೆಲ್ಲಗೆ ವೇಗ ಇಳಿಸಿ ಅದಾಗಿಯೇ ಅಡಗಲು ಬಿಡುವುದು ರೂಢಿ. ತಿರುವೂ ಹಗುರವಾಗಿರಬೇಕು: 30 ಡಿಗ್ರಿ ವಾಲಿದರೆ 1,000 ಕೆಜಿ ಸರಕು ಹುಕ್ಕನ್ನು 1,150 ಕೆಜಿಯಂತೆ ಜಗ್ಗುತ್ತದೆ.

ಸರಕಿನ ಆಕಾರ ತೂಕಕ್ಕಿಂತ ಹೆಚ್ಚು ಕಾಡುತ್ತದೆ. ಸಿಮೆಂಟ್ ಚೀಲಗಳ ಬಲೆ ಒಳ್ಳೆಯ ಸರಕು: ಚಿಕ್ಕದು, ಗಟ್ಟಿ, ನೇರ ತೂಗುತ್ತದೆ. ತಗಡು, ಹಲಗೆ, ಖಾಲಿ ಡ್ರಮ್ಮುಗಳದ್ದು ತಲೆನೋವು. ಸಣ್ಣ ಹೆಲಿಕಾಪ್ಟರ್ ಒಂದರ ಖಾಲಿ ತೂಕ ಒಂದರಿಂದ ಒಂದೂವರೆ ಟನ್. ಎಂಐ-17ಕ್ಕೆ ಅದೇನೂ ದೊಡ್ಡ ಭಾರವಲ್ಲ. ಆದರೆ ಉದ್ದ ಬಾಲದ, ಟೊಳ್ಳು ಒಡಲಿನ ಆ ವಸ್ತು ವೇಗ ಏರಿದಂತೆ ಗಾಳಿಪಟವಾಗಬಲ್ಲದು.

ಕೆಳಗಿದ್ದು ಹುಕ್ ಸಿಕ್ಕಿಸುವವರಿಗೂ ಅಪಾಯವಿದೆ. ಒಣ ಚಳಿಗಾಳಿಯಲ್ಲಿ, ಹಿಮದ ಪುಡಿಯಲ್ಲಿ ತಿರುಗುವ ರೋಟರ್ ಯಂತ್ರದ ಮೈಗೆಲ್ಲ ಸ್ಥಿರ ವಿದ್ಯುತ್ ತುಂಬುತ್ತದೆ. ನೆಲಕ್ಕೆ ತಂತಿ ಕಟ್ಟಿದ ಕೋಲನ್ನು ಹುಕ್ಕಿಗೆ ತಾಗಿಸಿದ ಮೇಲೆಯೇ ಕೈ ಹಾಕಬೇಕು. ಹಗ್ಗ ಲ್ಯಾಂಡಿಂಗ್ ಸ್ಕಿಡ್ಡಿಗೆ (ಚಕ್ರದ ಬದಲಿಗಿರುವ ಕಾಲುಕಂಬಿಗೆ) ಸುತ್ತಿಕೊಂಡಿಲ್ಲವೆಂದು ನೋಡಿಕೊಳ್ಳುವವರೂ ಅವರೇ. ಸುತ್ತಿಕೊಂಡದ್ದನ್ನು ಗಮನಿಸದೆ ಎತ್ತಿದರೆ ಹೆಲಿಕಾಪ್ಟರ್ ಮಗ್ಗುಲಿಗೆ ಮಗುಚುತ್ತದೆ.

ಬಟನ್ ಒತ್ತಿ ಸರಕು ಕಳಚಿದ ಮೇಲೆ ಕೆಲಸ ಮುಗಿಯಲಿಲ್ಲ. ಭಾರ ಹೋದ ಯಂತ್ರ ತಟ್ಟನೆ ಮೇಲಕ್ಕೆ ಜಿಗಿಯುತ್ತದೆ, ಎತ್ತುವ ಬಲವನ್ನು ಹೆಚ್ಚು-ಕಡಿಮೆ ಮಾಡುವ ಕಲೆಕ್ಟಿವ್ ಕಡ್ಡಿಯನ್ನು ತಗ್ಗಿಸಬೇಕು. ಹಗ್ಗದ ಕೆಳತುದಿಯಲ್ಲೂ ಒಂದು ಹುಕ್ಕಿದ್ದು, ಅದರಿಂದ ಸರಕು ಮಾತ್ರ ಬಿದ್ದು ಹಗ್ಗ ಉಳಿದಿದ್ದರೆ, ಆ ಹಗುರ ಹಗ್ಗ ವೇಗಕ್ಕೆ ಹಿಂದಕ್ಕೆ ಹಾರಿ ಬಾಲದ ರೋಟರಿಗೆ ಸಿಕ್ಕೀತು. ಅದಕ್ಕೆಂದೇ ಹಗ್ಗದ ತುದಿಗೆ ತೂಕ ಕಟ್ಟುತ್ತಾರೆ, ಸರಕಿಲ್ಲದೆ ಮರಳುವಾಗಲೂ ವೇಗಕ್ಕೆ ಮಿತಿ ಹಾಕಿಕೊಳ್ಳುತ್ತಾರೆ.