ಸಿಟಿ ಆಗಿದೆಯಲ್ಲ, ಪುನಃ ಯಾಕೆ?

"ಸಿಟಿ ಸ್ಕ್ಯಾನ್ ಆಗಿದೆಯಲ್ಲ ಡಾಕ್ಟ್ರೇ, ಪುನಃ ಯಾಕೆ?" ಮಂಗಳೂರಿನಲ್ಲಿ ರೇಡಿಯಾಲಜಿ ಕೆಲಸಕ್ಕೆ ಕುಳಿತಂದಿನಿಂದ ನಾನು ಅತಿ ಹೆಚ್ಚು ಸಲ ಕೇಳಿಸಿಕೊಂಡ ಪ್ರಶ್ನೆ ಇದು. ಕೇಳುವುದರಲ್ಲಿ ತಪ್ಪಿಲ್ಲ, ಹಣ ಅವರದು, ಸೂಜಿ ಚುಚ್ಚಿಸಿಕೊಳ್ಳುವ ಕೈಯೂ ಅವರ ಮನೆಯವರದೇ. ಆದರೆ ಹೊಟ್ಟೆಯ ಸಿಟಿ ಎಂಬುದು ಒಂದೇ ಪರೀಕ್ಷೆಯಲ್ಲ ಎಂಬ ಮಾತು ಮಾತ್ರ ಯಾರ ತಲೆಗೂ ಹೋಗುವುದಿಲ್ಲ.

ಡೈ, ಅಂದರೆ ರಕ್ತನಾಳಕ್ಕೆ ಚುಚ್ಚಿ ಅಂಗಗಳನ್ನು ಚಿತ್ರದಲ್ಲಿ ಬೆಳಗಿಸುವ ದ್ರವ, ಕೊಡದೆ ತೆಗೆದ ಚಿತ್ರ ಮೂತ್ರನಾಳದ ಕಲ್ಲಿಗೆ ಸಾಕು. ಮೇದೋಜ್ಜೀರಕ ಗ್ರಂಥಿಯಲ್ಲಿ (ಪ್ಯಾಂಕ್ರಿಯಾಸ್) ಗಡ್ಡೆಯಿದ್ದರೆ, ಅಂಥ ಚಿತ್ರದಲ್ಲಿ ಗಡ್ಡೆಯೂ ಗ್ರಂಥಿಯೂ ಹೆಚ್ಚುಕಡಿಮೆ ಒಂದೇ ಬೂದು ಬಣ್ಣ. ಡೈಯನ್ನು ಸೆಕೆಂಡಿಗೆ ಸುಮಾರು 4 ಮಿಲಿಲೀಟರಿನಂತೆ ಹರಿಸಿದಾಗ 40–45ನೇ ಸೆಕೆಂಡಿನ ಹೊತ್ತಿಗೆ ಗ್ರಂಥಿ ಬೆಳಗುತ್ತದೆ. ನಾರುಗಟ್ಟಿದ, ರಕ್ತಸಂಚಾರ ಕಡಿಮೆಯಿರುವ ಕ್ಯಾನ್ಸರ್ ಗಡ್ಡೆ ಅದರೊಳಗೆ ಕಪ್ಪಗೆ ಉಳಿಯುತ್ತದೆ. 70ನೇ ಸೆಕೆಂಡಿನ ಸುಮಾರಿಗೆ ಯಕೃತ್ತು ಚೆನ್ನಾಗಿ ಕಾಣುತ್ತದೆ, ಆದರೆ ಅಷ್ಟರಲ್ಲಿ ಗ್ರಂಥಿಯ ಹೊಳಪಿಳಿದು ಗಡ್ಡೆಯ ಅಂಚು ಮಸುಕಾಗಿರುತ್ತದೆ. ನಮಗೆ ಎರಡೂ ಬೇಕು. ಸಾಮಾನ್ಯ ಸಿಟಿಯಲ್ಲಿ ಬಹುತೇಕ ಸಿಗುವುದು ಎರಡನೆಯದು ಮಾತ್ರ. ಉಡುಪಿಯ ರಥಬೀದಿಯಲ್ಲಿ ತೇರು ದಾಟಿದ ಮೇಲೆ ಫೋಟೋ ತೆಗೆದ ಹಾಗೆ: ಬೀದಿಯಿದೆ, ಜನರಿದ್ದಾರೆ, ತೇರಿಲ್ಲ. (ಇನ್ಸುಲಿನ್ ಸ್ರವಿಸುವಂಥ ಗಡ್ಡೆಗಳದು ತದ್ವಿರುದ್ಧ, ಅವು ಸಾಮಾನ್ಯವಾಗಿ ಗ್ರಂಥಿಗಿಂತ ಹೆಚ್ಚು ಬೆಳಗುತ್ತವೆ, ಅದೂ ಸ್ವಲ್ಪ ಹೊತ್ತು.)

ಇನ್ನು ಹಳೆಯ ಸ್ಕ್ಯಾನಿನದೆಂದು ಜನ ತರುವ ಫಿಲ್ಮು. ಕರುಳಿಗೆ ರಕ್ತ ಒಯ್ಯುವ ಅಪಧಮನಿಯನ್ನು ಗಡ್ಡೆ 180 ಡಿಗ್ರಿಗಿಂತ ಹೆಚ್ಚು ಸುತ್ತಿದೆಯೋ, ಕಡಿಮೆಯೋ, ತಾಗಿಯೇ ಇಲ್ಲವೋ ಎಂಬುದರ ಮೇಲೆ ನೇರ ಶಸ್ತ್ರಚಿಕಿತ್ಸೆಯೋ ಮೊದಲು ಕೀಮೋವೋ ಎಂಬ ತೀರ್ಮಾನ ಬಹುಮಟ್ಟಿಗೆ ನಿಲ್ಲುತ್ತದೆ. ಅದನ್ನು ಅಳೆಯುವುದು ಒಂದು ಮಿಲಿಮೀಟರಿನಷ್ಟು ತೆಳ್ಳಗಿನ ಪದರಗಳಲ್ಲಿ, ಕಂಪ್ಯೂಟರಿನ ಮುಂದೆ. ಕಿಟಕಿಯ ಬೆಳಕಿಗೆ ಹಿಡಿದ ಫಿಲ್ಮಿನಲ್ಲಲ್ಲ. ದಯವಿಟ್ಟು ಸಿ.ಡಿ. ತನ್ನಿ. ಅದರಲ್ಲಿ ಬೇಕಾದ ಎರಡೂ ಹೊತ್ತಿನ ಚಿತ್ರಗಳಿದ್ದರೆ ಪುನಃ ಸ್ಕ್ಯಾನ್ ಮಾಡಬೇಕಾಗಿ ಬಾರದಿರಬಹುದು.

ಕಳೆದ ಮಳೆಗಾಲದಲ್ಲಿ ಕುಂದಾಪುರದ ಕಡೆಯ ಹಿರಿಯರೊಬ್ಬರು ಬಂದಿದ್ದರು. ಕಾಮಾಲೆಗೆ, ಅದರಿಂದಾದ ತುರಿಕೆಗೆ, ಬೇರೆಲ್ಲೋ ಕಟ್ಟಿದ ಪಿತ್ತನಾಳವನ್ನು ತೆರೆದಿಡಲು ಲೋಹದ ಸ್ಟೆಂಟ್ ಎಂಬ ಪುಟ್ಟ ಕೊಳವೆ ಹಾಕಿಸಿಯಾಗಿತ್ತು. ಸರಿಯಾದ ಸಿಟಿ ಆಗಿರಲಿಲ್ಲ. ನಮ್ಮ ಚಿತ್ರದಲ್ಲಿ ಸ್ಟೆಂಟಿನಿಂದ ಹೊರಟ ಬಿಳಿ ಗೆರೆಗಳು, ಸುತ್ತಲೂ ಆ ಚಿಕಿತ್ಸೆಯಿಂದಾದ ಊತ. ಊತ ಎಲ್ಲಿ ಮುಗಿದು ಗಡ್ಡೆ ಎಲ್ಲಿ ಶುರುವಾಗುತ್ತದೆಂದು ಹೇಳಲು ನನ್ನಿಂದಾಗಲಿಲ್ಲ. ಊತ ಇಳಿಯುವವರೆಗೆ ಕಾಯಬೇಕಾಯಿತು. ನಾನು ಮುಖ ಗಂಟಿಕ್ಕಿದ್ದು ಕಂಡು ಅವರೇ ಸಮಾಧಾನ ಹೇಳಿದರು: "ತುರಿಕೆ ನಿಂತಿತಲ್ಲ ಡಾಕ್ಟ್ರೇ, ರಾತ್ರಿ ನಿದ್ದೆ ಬರುತ್ತದೆ." ಅದಕ್ಕೆ ನಾನೇನು ಹೇಳಲಿ? ಚಳಿಜ್ವರದೊಂದಿಗೆ ಸೋಂಕು ಏರಿದ್ದರೆ ಸ್ಟೆಂಟ್ ಕಾಯುವಂತಿಲ್ಲ, ನಿಜ. ಅಂಥ ಅವಸರವಿಲ್ಲದಾಗ ಸಿಟಿ ಮೊದಲು, ಸ್ಟೆಂಟ್ ಆಮೇಲೆ.

ಸರಿಯಾಗಿ ತೆಗೆದ ಸಿಟಿಯೂ ಎಲ್ಲವನ್ನೂ ತೋರಿಸುವುದಿಲ್ಲ. ಕೆಲವು ಗಡ್ಡೆಗಳು ಗ್ರಂಥಿಯಷ್ಟೇ ಬೆಳಗಿ ಅಡಗಿಕೊಳ್ಳುತ್ತವೆ. ಗ್ರಂಥಿಯ ಇಲ್ಲವೆ ಪಿತ್ತದ ಹಿಗ್ಗಿದ ನಾಳ ಒಮ್ಮೆಲೇ ಕಡಿದಂತೆ ನಿಂತಿರುವುದಷ್ಟೇ ಹಲವೊಮ್ಮೆ ನಮಗೆ ಸಿಗುವ ಸುಳಿವು. ಅಂಥಲ್ಲಿ ಬಾಯಿಯ ಮೂಲಕ ನಳಿಕೆ ಇಳಿಸಿ ಒಳಗಿನಿಂದಲೇ ನೋಡುವ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ಬೇಕಾಗಬಹುದು. ಆಗ ನಾನು ವರದಿಯಲ್ಲಿ "ಗಡ್ಡೆಯಿಲ್ಲ" ಎಂದು ಬರೆಯುವುದಿಲ್ಲ, "ಕಾಣುತ್ತಿಲ್ಲ" ಎಂದಷ್ಟೇ ಬರೆಯುತ್ತೇನೆ.